ಮಾಟುಂಗದಲ್ಲಿ ಬೀಸುವ ಕಲ್ಲು

ಮೈಕಿನ ಮುಂದೆ ನಿಂತ ಗುರುಬಾಯಿಯ ಬಾಯಿಗೆ ಬೀಗ ಬಿದ್ದಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಸಂಭ್ರಮಕ್ಕೆ ಮಾಟುಂಗದ ಕನ್ನಡ ಸಂಘ ಸಭೆ ಕರೆದಿತ್ತು. ಕಟ್ಟಡ ಕೆಲಸದ ಹೆಂಗಸರ ಪರವಾಗಿ ಈಕೆ ಮುಂಬಯಿಯ ಮೇಲೆ ಹೊಸದೊಂದು ಬೀಸುವ ಪದ ಕಟ್ಟಿ ಹಾಡುತ್ತಾಳೆ ಎಂದು ಕಾರ್ಯದರ್ಶಿ ಬಸವಂತರಾಯರು ಈಗಷ್ಟೇ ಸಾರಿದ್ದರು.

ಪದ ಎಲ್ಲಿತ್ತು? ಊರಲ್ಲಿ ಬೀಸುವ ಕಲ್ಲಿನ ಮುಂದೆ ಕೂತರೆ ಸಾಕು, ಹಾಡು ತಾನಾಗಿ ಬರುತ್ತಿತ್ತು. ಈಗಿರುವ ಧಾರಾವಿಯ ಖೋಲಿಯಲ್ಲಿ ಕಲ್ಲೆಲ್ಲಿ? ಗಿರಣಿಗೆ ಡಬ್ಬಿ ಕೊಟ್ಟರೆ ಹಿಟ್ಟು ಸಿಗುತ್ತದೆ. ಹಾಡಲು ಹೂಂ ಅಂದ ದಿನದಿಂದ ಇಟ್ಟಿಗೆ ಹೊರುವಾಗ, ರೊಟ್ಟಿ ಬಡಿಯುವಾಗ ತಲೆ ಕೆರೆದುಕೊಂಡದ್ದೇ ಬಂತು. ಮೊದಲ ಸಾಲೇ ಹುಟ್ಟಿರಲಿಲ್ಲ. ಸಭೆಯ ಹಿಂದಿನ ಸಾಲುಗಳಲ್ಲಿ ಜೊತೆಗಾರ್ತಿಯರು ಒಗೆದ ಸೀರೆಯುಟ್ಟು ಕೂತಿದ್ದರು. ಇವತ್ತು ನಮ್ಮ ಹಾಡು ಎಂದು ದಾರಿಯುದ್ದಕ್ಕೂ ಬೀಗುತ್ತ ಬಂದವರು. ಅವರ ಮುಖ ನೋಡಲಾಗದೆ ಗುರುಬಾಯಿ ನಾಚಿಕೆಯಿಂದ ಹಿಡಿಯಾದಳು.

"ಗಾಬರಿ ಆಗಬ್ಯಾಡ್ರಿ ತಾಯಿ, ಹಳೇದೇ ಒಂದು ಹಾಡ್ರಿ," ಎಂದರು ಬಸವಂತರಾಯರು ಮೆಲ್ಲಗೆ.

"ಹಳೇದೂ ಬರವಲ್ದ್ರೀ ಸಾಹೇಬ್ರ. ಕೈ ಸುಮ್ಮನಿದ್ರ ಬಾಯಿ ಏಳಂಗಿಲ್ಲ."

ಮೈಕು ಈ ಮಾತನ್ನೂ ಸಭೆಗೆಲ್ಲ ಕೇಳಿಸಿಬಿಟ್ಟಿತು. ಮುಂದಿನ ಸಾಲಿನಲ್ಲಿ ಕೆಲವರು ಕಿಸಕ್ಕನೆ ನಕ್ಕರು. ಹಿಂದಿನಿಂದ ಮಲಿಕಾ ಎದ್ದಳು. ಗುಲಬರ್ಗಾ ಕಡೆಯವಳು, ಗುರುಬಾಯಿಯ ಪಕ್ಕದ ಖೋಲಿಯವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ದಡದಡನೆ ವೇದಿಕೆ ಹತ್ತಿದವಳೇ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ನೆಲದ ಮೇಲೆ ಕೂತೇಬಿಟ್ಟಳು.

"ಅರೇ, ಏನ್ ನಿಂತೀ? ಬೈಠ್ ಜಾ! ಒಬ್ಬಾಕಿ ಕಡೀಂದ ಕಲ್ಲ ತಿರಗತೈತೇನ?"

ಗುರುಬಾಯಿ ಎದುರಿಗೆ ಕೂತಳು. ಮಲಿಕಾ ಕಲ್ಲಿನ ಗೂಟ ಹಿಡಿದವಳ ಹಾಗೆ ಇಬ್ಬರ ನಡುವೆ ಮುಷ್ಟಿ ಕಟ್ಟಿದಳು. ಗುರುಬಾಯಿ ಅದರ ಮೇಲೆ ತನ್ನ ಕೈಯಿಟ್ಟಳು. ಇಲ್ಲದ ಕಲ್ಲು ಮೊದಲ ಸುತ್ತಿಗೆ ತಡವರಿಸಿತು. ಆಮೇಲೆ ರಟ್ಟೆಗೆ ಹಳೆಯ ವರಸೆ ಸಿಕ್ಕಿತು, ಗಂಟಲು ತೆರೆಯಿತು:

"ಸಿಮೆಂಟಿನ ಬುಟ್ಟಿ ಹೊತ್ತು ಏಳು ಮಾಳಿಗಿ ಏರಿ
ಕಡಲ ಕಂಡೇನ ಹಡೆದವ್ವಾ, ನಿನ ಮಗಳು
ಮುಗಿಲೀಗೆ ಮೆಟ್ಟಲ ಕಟ್ಟ್ಯಾಳ!"

ಬಸವಂತರಾಯರು ಓಡಿಬಂದು ಮೈಕನ್ನು ನೆಲಮಟ್ಟಕ್ಕೆ ಇಳಿಸಿ ಹಿಡಿದರು. ಹಿಂದೆ ಕೂತ ಜೊತೆಗಾರ್ತಿಯರು ಪದದ ಕೊನೆಯ ಸಾಲನ್ನು ಎತ್ತಿಕೊಂಡರು. ನಕ್ಕವರೂ ತಾಳ ಹಾಕತೊಡಗಿದರು. ನುಡಿಯ ಮೇಲೆ ನುಡಿ ಬಂತು: ಮರಳು, ಇಟ್ಟಿಗೆ, ಮೇಸ್ತ್ರಿಯ ಬೈಗುಳ, ದಾದರ್ ಸ್ಟೇಷನ್ನಿನ ನೂಕುನುಗ್ಗಲು. ಇಷ್ಟು ದಿನ ಇವೆಲ್ಲ ಎಲ್ಲಿ ಅಡಗಿದ್ದವೋ ಎಂದು ಗುರುಬಾಯಿಗೇ ಸೋಜಿಗ. ಖುಷಿಗೆ ಅವಳ ಕಣ್ಣು ತುಂಬಿ ಬಂದವು.

ಮುಂದಿನ ಭಾಷಣಕಾರರು ಗಡಿಯಾರ ನೋಡಿಕೊಂಡು ಕೆಮ್ಮಿದರು. ಬಸವಂತರಾಯರು ಒಲ್ಲದ ಮನಸ್ಸಿನಿಂದ ಬಾಗಿ ಪಿಸುಗುಟ್ಟಿದರು, "ತಾಯಿ, ಟೈಮ್ ಆತು..."

ಮಲಿಕಾ ಕೈ ನಿಲ್ಲಿಸಲಿಲ್ಲ.

"ಠೈರೋ ಸಾಹೇಬ್ರ," ಎಂದಳು. "ಬುಟ್ಟ್ಯಾಗ ಇನ್ನೂ ಜೋಳ ಅದಾವ್ರಿ."