ಬಿಸಿಗೈ ಹುಟ್ಟಿದ ಮನೆ

ಹೊಸ ಕಾಮಿಕ್ಸ್‌ನ ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಮಿಗ್ದಾಲಿಯಾಳ ಮೈಯೆಲ್ಲ ಉರಿದುಹೋಯಿತು. "ಇವನ್ಯಾರು?" ಎಂದು ಚಿತ್ರದ ಮೇಲೆ ಬೆರಳು ಕುಕ್ಕಿದಳು.

"ಮನೆ ಮಾಲೀಕ, ಮೇಡಂ. ಈಗ ವಿಜ್ಞಾನಿ ಮಾಡಿದೀವಿ," ಎಂದ ಸಂಪಾದಕ ಹ್ಯಾಡ್ಲಿ. ಕೋಟು ಬಿಚ್ಚದೆ, ಕೈಗವಸು ಕಳಚದೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. "ಅವರ ಪ್ರಯೋಗಶಾಲೇಲೇ ಹುಡುಗನ ಕೈಗೆ ಶಕ್ತಿ ಬರೋದು. ಉಡುಪನ್ನೂ ಅವರೇ ಹೊಲಿಸಿಕೊಡ್ತಾರೆ."

ಬಿಸಿಗೈ ಎಂಬ ಆ ವೀರನನ್ನು ಮಿಗ್ದಾಲಿಯಾ ನಲವತ್ತೈದು ವರ್ಷಗಳ ಹಿಂದೆ, ಬ್ರಾಂಕ್ಸ್‌ನ ಇದೇ ಮೂರನೇ ಮಹಡಿಯ ಅಡುಗೆಮನೆ ಮೇಜಿನ ಮೇಲೆ ಬರೆದಿದ್ದಳು. ಆ ಕಥೆಯಲ್ಲಿ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮಾಲೀಕ ಕೊರೆಯುವ ಜನವರಿಯಲ್ಲಿ, ಮನೆಗಳನ್ನೆಲ್ಲ ಬೆಚ್ಚಗಿಡುವ ಬಾಯ್ಲರ್ ಆರಿಸುತ್ತಾನೆ. ಹುಡುಗನೊಬ್ಬ ತಂಗಿಯ ಪಾದಗಳನ್ನು ಅಂಗೈಯಲ್ಲಿ ಹಿಡಿದು ಬೆಳಗಿನವರೆಗೆ ಕೂರುತ್ತಾನೆ. ಬೆಳಗಾದಾಗ ಅವನ ಕೈ ಕೆಂಡದಂತೆ ಹೊಳೆಯುತ್ತಿರುತ್ತದೆ. ತಂಗಿ ಬದುಕುತ್ತಾಳೆ. ಈಗ ಅದೇ ಜಿಪುಣ ದಾನಶೂರ ಕರ್ಣನಾಗಿಬಿಟ್ಟಿದ್ದ.

"ತಂಗಿ ಎಲ್ಲಿ?"

"ತೆಗೆದ್ವಿ. ಕಥೆ ಓಡ್ಬೇಕಲ್ಲ." ಹ್ಯಾಡ್ಲಿ ಒಂದು ಹಾಳೆಯನ್ನು ಮುಂದೆ ತಳ್ಳಿದ. ಅವಳ ಹೆಸರಿನಲ್ಲಿ ಕಚೇರಿಯವರೇ ಮುನ್ನುಡಿ ಬರೆದಿದ್ದರು: 'ನನ್ನ ಬಿಸಿಗೈ ಕೊನೆಗೂ ತನ್ನ ನಿಜವಾದ ಕಥೆಯನ್ನು ಕಂಡುಕೊಂಡ.' ಕೆಳಗೆ ಸಹಿಗೆ ಜಾಗ. "ಇಲ್ಲೊಂದು ಸಹಿ ಹಾಕಿಬಿಡಿ. ಹಳೇ ಓದುಗರು ಬಾಯಿ ಮುಚ್ಕೋತಾರೆ."

ಗೋಡೆಯ ಹಬೆ ಕೊಳವೆ ಟಣಟಣ ಎಂದಿತು. ಅವನು ಬೆಚ್ಚಿದ. "ಏನದು? ರಿಪೇರಿನಾ?"

"ಕೆಳಗಿನ ಮನೆ ಇಗ್ನಾಸಿಯೋ. ಬಾಯ್ಲರ್ ಹಚ್ರೋ ಅಂತ ಚಮಚದಲ್ಲಿ ಬಡೀತಾನೆ. ಅದು ಆರಿ ಮೂರು ದಿನ ಆಯ್ತು. ಆ ಮಾಲೀಕ ಹೋಗಿ ಅವನ ಮೊಮ್ಮಗ ಬಂದ. ಅವನೂ ಅಷ್ಟೇ." ಮಿಗ್ದಾಲಿಯಾ ಹಾಳೆಯನ್ನು ಮುಟ್ಟಲಿಲ್ಲ. "ತಂಗಿ ಹೆಸರು ನಿಲ್ದಾ. ಕಥೇಲಲ್ಲ ಮಗಾ, ಈ ಮನೇಲಿ. ನಾಲ್ಕು ವರ್ಷ ಅವಳಿಗೆ. ಪಾದ ಹಿಡ್ಕೊಂಡು ಕೂತಿದ್ದೋಳು ನಾನು. ನನ್ನ ಕೈ ಹೊಳೀಲಿಲ್ಲ. ಬೆಳಗ್ಗೆ ಹೊತ್ತಿಗೆ ಅವಳಿರ್ಲಿಲ್ಲ. ಕಾಗದದ ಮೇಲಾದ್ರೂ ಉಳಿಸ್ಕೊಂಡಿದ್ದೆ. ಅಲ್ಲಿಂದ್ಲೂ ಎತ್ತಿ ಹೊರಗೆ ಹಾಕಿದ್ರಲ್ಲೋ!"

ಹ್ಯಾಡ್ಲಿ ತಲೆ ತಗ್ಗಿಸಿದ. ಕೆಟ್ಟವನೇನಲ್ಲ, ಕಚೇರಿಯ ಪಾಠ ಒಪ್ಪಿಸಲು ಬಂದವನು. ಅದನ್ನೇ ಒಪ್ಪಿಸಿದ. "ಕ್ಷಮಿಸಿ ಮೇಡಂ, ನಂಗೊತ್ತಿರ್ಲಿಲ್ಲ. ಆದ್ರೆ ಮಾಲೀಕ ಬಾಯ್ಲರ್ ಆರಿಸ್ತಾನೆ, ಮಕ್ಕಳು ಚಳೀಲಿ ನಡುಗ್ತಾರೆ ಅಂದ್ರೆ ಈ ಕಾಲದಲ್ಲಿ ಯಾರು ನಂಬ್ತಾರೆ ಹೇಳಿ?"

ಮಾತಿನ ಜೊತೆಗೇ ಅವನ ಬಾಯಿಂದ ಬಿಳಿ ಹಬೆ ಹೊರಟು ಮೇಜಿನ ಮೇಲೆ ತೇಲಿತು. ಕೆಳಗೆ ಇಗ್ನಾಸಿಯೋ ಇನ್ನೂ ಬಡಿಯುತ್ತಿದ್ದ.

ಮಿಗ್ದಾಲಿಯಾ ಪೆನ್ನು ಕೈಗೆತ್ತಿಕೊಂಡಳು.

"ಹಾಕ್ತೀನಿ ಮಗಾ, ಸಹಿ. ಮೊದಲು ಆ ಕೋಟು, ಕೈಗವಸು ಬಿಚ್ಚಿಡು. ಆಮೇಲೆ ಅದೇ ಮಾತು ಇನ್ನೊಂದ್ಸಲ ಹೇಳು."

ಹ್ಯಾಡ್ಲಿಯ ಕೈ ಕೋಟಿನ ಮೊದಲ ಗುಂಡಿಯವರೆಗೆ ಹೋಯಿತು. ಅಲ್ಲೇ ನಿಂತಿತು.