ದೋಣಿ ಅಥವಾ ಆಳು

"ಶಾಂಭವಿ ಬಂತ್ ಕಾಣಿ!" ಎಂದು ಹೊರಗೆ ಯಾರೋ ಕೂಗಿದ್ದೇ ತಡ, ಮೀನುಗಾರರ ಸಂಘದ ಗುಮಾಸ್ತ ಪ್ರೇಮಾನಂದ ಕಂಪ್ಯೂಟರಿನಲ್ಲಿ 'ದಡಕ್ಕೆ ಬಂದದ್ದು' ತೆರೆದು, 'ದೋಣಿ' ಆರಿಸಿ, 'ಶಾಂಭವಿ' ಎಂದು ಒತ್ತಿಬಿಟ್ಟ.

"ಕಂಡ್ರ್ಯಾ ಐತಾಳ್ರೆ, ಒಂದೇ ಕುಟ್ಟಿಗೆ ನಾಲ್ಕ್ ಜನ ದಡಕ್ಕೆ!"

ಐತಾಳರೆಂದರೆ ಪಕ್ಕದ ಕುರ್ಚಿಯಲ್ಲಿದ್ದ ಸಾಲಿಗ್ರಾಮದ ಸುಜಯ್, ಆ ತಂತ್ರಾಂಶ ಬರೆದವನು. ಒಂದೇ ಖಾನೆಗೆ ದೋಣಿಯನ್ನಾದರೂ ಕೊಡಬಹುದು, ಆಳನ್ನಾದರೂ ಕೊಡಬಹುದು. ದೋಣಿ ಕೊಟ್ಟರೆ ಅದರಲ್ಲಿ ಹೋದವರೆಲ್ಲ ಬಂದಂತೆ ಲೆಕ್ಕ. ಹೋದಾಗಲೂ ಬಂದಾಗಲೂ ಮನೆಮನೆಗೆ ಮೆಸೇಜು. ಒಬ್ಬೊಬ್ಬರದೇ ಹೆಸರು ಬೇಡವೇ ಎಂದು ಅವನು ಹೋದ ತಿಂಗಳು ಕೇಳಿದಾಗ ಪ್ರೇಮಾನಂದ ಅವನ ಮೂಗುದನಿಯನ್ನೇ ಅಣಕಿಸಿದ್ದ: "ಒಬ್ಬೊಬ್ಬರದೇ ಹೆಸರು ಬೇಡವೇಏಏ? ಮಾರಾಯ್ರೆ, ದೋಣಿ ಬಂತ್ ಅಂದ್ರೆ ಜನ ಬಂದಂಗೆ. ಖಾಲಿ ದೋಣಿ ತನ್ನಷ್ಟಕ್ಕೆ ಈಜ್ಕಂಡ್ ಬತ್ತಾ?"

ಬಾಗಿಲಲ್ಲಿ ಪಕ್ಕದ ದೋಣಿಯ ಪದ್ದು ನಿಂತಿದ್ದ, ತೊಯ್ದು ತೊಪ್ಪೆಯಾಗಿ. "ಪ್ರೇಮಣ್ಣ, ಶಾಂಭವಿ ಮಗ್ಚಿ ಬಿದ್ದಿತ್ತ್. ನಾವ್ ಹಗ್ಗ ಕಟ್ಟಿ ಎಳ್ಕಂಡ್ ಬಂದ್ಯೊ. ಜನ... ಒಬ್ರೂ ಇಲ್ಲೆ."

ಪ್ರೇಮಾನಂದ ಕಂಪ್ಯೂಟರಿನತ್ತ ತಿರುಗಿದ. ಪರದೆಯಲ್ಲಿ, 'ಶಾಂಭವಿ - ಕಡಲಲ್ಲಿ ಉಳಿದವರು: 0'. ಹುಡುಕುವ ಬೋಟಿನವರು ನೋಡುವುದೂ ಇದೇ ಪಟ್ಟಿಯನ್ನು. ತಡವರಿಸುತ್ತ ಅವರಿಗೆ ಫೋನು ಹಚ್ಚಿದ. ಅತ್ತಲಿಂದ ತಣ್ಣನೆಯ ದನಿ: "ಎಲ್ಲರೂ ಬಂದಿದ್ದಾರೆ ಅಂತ ತೋರಿಸ್ತಿದೆಯಲ್ಲ ಸ್ವಾಮಿ? ಮೊದಲು ಪಟ್ಟಿ ಸರಿ ಮಾಡಿ."

"ಅಳ್ಸಿ ಐತಾಳ್ರೆ! ಬೇಗ ಅಳ್ಸಿ!"

"ಅಳ್ಸುಕೆ ಇಟ್ಟಿಲ್ಲೆ. ತಿರ್ಗಿ ಕಡಲಿಗೇ ಕಳ್ಸ್ಕ್."

ಸುಜಯ್ 'ಕಡಲಿಗೆ ಹೋದದ್ದು' ತೆರೆದ. ದೋಣಿಯೋ ದಡದಲ್ಲಿದೆ, ಇನ್ನು 'ಆಳು' ಎಂದೇ ಕೊಡಬೇಕು. ಕರಿಯ, ಒತ್ತಿದ. ಗುಡ್ಡ. ಜಿತೇಂದ್ರ.

ನಾಲ್ಕನೆಯ ಹೆಸರು ಹೊಡೆಯುವಾಗ, ಕಚೇರಿಯ ಹಿಂದಿನ ಮನೆಯ ಜಲಜ ಏದುಸಿರು ಬಿಡುತ್ತ ಒಳಗೆ ಬಂದಳು. ಒಂದು ಕೈಯಲ್ಲಿ ಗಂಡನಿಗೆಂದು ತಂದ ಗಂಜಿಯ ಬುತ್ತಿ, ಇನ್ನೊಂದರಲ್ಲಿ ಮೊಬೈಲು. ಮುಖದ ತುಂಬ ನಗು.

"ಹ್ವಾಯ್ ಪ್ರೇಮಣ್ಣ, ನಮ್ಮನಿಯವ್ರ್ ಬಂದ್ರ್ ಅಂದೇಳಿ ಮೆಸೇಜ್ ಬಂತ್. ಎಲ್ಲಿದ್ರ್?"

ಪ್ರೇಮಾನಂದ ಗೋಡೆಯ ಕಡೆ ಮುಖ ತಿರುಗಿಸಿದ. ಸುಜಯನ ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು; ಆದರೆ ಹುಡುಕುವ ಬೋಟು ಹೊರಡಬೇಕಿತ್ತು. ಒತ್ತಿದ.

ಜಲಜಳ ಮೊಬೈಲು ಟಿಣ್ ಎಂದಿತು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು: "ಕುಷ್ಟ ಮೊಗವೀರ... ಕಡಲಿಗೆ... ಹೋಗಿದ್ದಾರೆ."

ನಗು ಇನ್ನೂ ಪೂರ್ತಿ ಆರಿರಲಿಲ್ಲ. ಬುತ್ತಿಯನ್ನೊಮ್ಮೆ ನೋಡಿಕೊಂಡಳು.

"ಗಂಜಿ ಉಣ್ದೇ ತಿರ್ಗಿ ಹ್ವಾದ್ರಾ?"