ಹಗ್ಗದ ಕೆಳತುದಿ

"ಅಟ್ಟದಿಂದ ಹಗ್ಗ ಇಳಿಸು ಮಾವ, ಹೋಗೋಣ" ಎಂದು ಅವಳು ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬಂದು ನಿಂತಾಗ ಟೈಲರ್ ಮಾವ ಯಾರದೋ ಪ್ಯಾಂಟಿನ ಕೆಟ್ಟುಹೋದ ಝಿಪ್ಪು ಕೀಳುತ್ತಿದ್ದ. ಕನ್ನಡಕದ ಮೇಲಿನಿಂದ ಅಕ್ಕನ ಮಗಳನ್ನು ಅಳೆಯುವವನಂತೆ ನೋಡಿದ. ಪರದೇಶದಿಂದ ಬಂದು ಇಳಿದಿದ್ದು ಮೊನ್ನೆ. ಕಣ್ಣು ಕೆಂಪಾಗಿ, ಮುಖ ಊದಿಕೊಂಡಿತ್ತು.

"ನಿದ್ದೆ ಆಯ್ತಾ?"

"ಭರ್ಜರಿಯಾಗಿ."

ಹಸಿ ಸುಳ್ಳು. ಅವಳ ಮೈ ಇನ್ನೂ ಆ ದೇಶದ ಗಡಿಯಾರವನ್ನೇ ನಂಬಿಕೊಂಡಿತ್ತು. ರಾತ್ರಿಯೆಲ್ಲ ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡಿರುವುದು, ಹಗಲು ಊಟದ ತಟ್ಟೆಯ ಮುಂದೆಯೇ ತೂಕಡಿಸುವುದು, ಇದೇ ಆಗಿತ್ತು ಬಂದಾಗಿನಿಂದ.

"ಜನರನ್ನ ಮೇಲಕ್ಕೆ ಹತ್ತಿಸೋ ಲಿಫ್ಟು ಕೂರಿಸೋಕೆ ಅಂತ ಸಮುದ್ರ ದಾಟಿ ಹೋದೋಳಮ್ಮ ನೀನು. ಕಾಲಲ್ಲಿ ಹತ್ತೋದು ನೆನಪಿದ್ಯಾ?"

"ನಿಂಗೆ ನೆನಪಿದ್ಯಾ, ಅದು ಹೇಳು. ನಾನು ಹೋದ್ಮೇಲೆ ನೀನು ಬಂಡೆ ಕಡೆ ತಲೆ ಹಾಕೇ ಇಲ್ವಂತೆ?"

ಮಾವ ಝಿಪ್ಪಿನ ಕಡೆ ತಿರುಗಿಕೊಂಡ. ಹಗ್ಗ ಹಿಡಿಯಲು ಊರಲ್ಲಿ ಜನ ಇರಲಿಲ್ಲವೆಂದಲ್ಲ, ಬೆಟ್ಟ ಹತ್ತುವ ಸಂಘದವರು ನಾನು ತಾನು ಎಂದು ಬಂದಿದ್ದರು. ಆದರೆ ಮೇಲೆ ಹತ್ತುವವನ ಜೀವ ಇರುವುದು ಕೆಳಗೆ ಹಗ್ಗ ಹಿಡಿದವರ ಅಂಗೈಯಲ್ಲಿ. ಅವಳು ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ಮಾವನ ಜೀವಕ್ಕೆ ಅವಳ ಅಂಗೈಯೇ ಅಭ್ಯಾಸ. ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸೇ ಬರಲಿಲ್ಲ. "ವಯಸ್ಸೂ ಆಯ್ತು. ಅವಳಿಗೂ ಕೈಯ ಅಭ್ಯಾಸ ತಪ್ಪಿದ್ರೆ ಹಗ್ಗನ ಸಂಘಕ್ಕೆ ಕೊಟ್ಟು ಸುಮ್ಮನಾಗ್ತೀನಿ" ಎಂದು ಹೆಂಡತಿಯ ಹತ್ತಿರ ಹೇಳಿಬಿಟ್ಟಿದ್ದ. ಅತ್ತೆಯ ಬಾಯಲ್ಲಿ ಯಾವ ಮಾತು ನಿಲ್ಲುತ್ತದೆ? ಬಂದ ದಿನವೇ ಅವಳ ಕಿವಿಗೆ ಬಿದ್ದಿತ್ತು. ಅದಕ್ಕೇ ಈ ಸುಳ್ಳು, ಈ ಅವಸರ.

ಬಸ್ಸಿನ ಕೊನೆಯ ನಿಲ್ದಾಣ, ಪೊದೆಗಳ ನಡುವಿನ ಕಾಲುದಾರಿ, ಆಮೇಲೆ ಬಂಡೆ. ಬುಡದಲ್ಲಿ ನಿಂತು ಅವಳು ಕಲ್ಲಿಗೆ ಮೂಗು ಒಡ್ಡಿದಳು. ಅದೇ ತಣ್ಣನೆಯ ಕಲ್ಲಿನ ವಾಸನೆ. ಮೊದಲ ಸಲ ಹತ್ತುವಾಗ ಅವಳ ಮೊಣಕಾಲಿನ ಚರ್ಮ ತಿಂದಿದ್ದ ಅದೇ ಸೀಳು. ಅಷ್ಟು ದೂರದ ದೇಶದಲ್ಲಿ, ಲಿಫ್ಟಿನ ಕತ್ತಲ ಗುಂಡಿಯೊಳಗೆ ಮೈಗೆಲ್ಲ ಗ್ರೀಸು ಬಳಿದುಕೊಂಡು ನಿಂತಾಗ, ಅವಳು ಕಣ್ಣು ಮುಚ್ಚಿ ಹತ್ತುತ್ತಿದ್ದುದು ಇದನ್ನೇ. "ಹೇಗಿದೀಯಪ್ಪಾ?" ಎಂದು ಕಲ್ಲಿಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

ಬೆವರಿದ ಬೆರಳು ಜಾರದಿರಲೆಂದು ಮಾವ ಬಟ್ಟೆಗೆ ಗುರುತು ಹಾಕುವ ತನ್ನ ನೀಲಿ ಸೀಮೆಸುಣ್ಣವನ್ನೇ ಪುಡಿಮಾಡಿ ಬಳಿದುಕೊಳ್ಳುತ್ತಿದ್ದ. ಸಂಘದವರು ನಗಲಿ ಬಿಡಲಿ, ಮೊದಲಿನಿಂದಲೂ ಹಾಗೆ. ಆಗೆಲ್ಲ ಬಂಡೆಯ ಉದ್ದಕ್ಕೂ ಅವನ ನೀಲಿ ಬೆರಳಚ್ಚು ಇರುತ್ತಿತ್ತು. ಈಗ ಒಂದೂ ಇರಲಿಲ್ಲ, ಮಳೆ ತೊಳೆದುಹಾಕಿತ್ತು.

ಮಾವ ಸೊಂಟಕ್ಕೆ ಹಗ್ಗದ ಗಂಟು ಹಾಕಿ, ಬಂಡೆಗೆ ಹೊಡೆದ ಕೊಂಡಿಗಳಿಗೆ ಅದನ್ನು ಸಿಕ್ಕಿಸುತ್ತಾ ಹತ್ತತೊಡಗಿದ. ಮೊದಮೊದಲು ಹಿಡಿತಕ್ಕಾಗಿ ತಡಕಾಡಿದ, ಆಮೇಲೆ ಹಳೇ ಲಯ ಸಿಕ್ಕಿತು. "ಆಹಾ, ಏನು ಕಾಲು ಮಾವ!" ಎಂದು ಅವಳು ಹಗ್ಗ ಬಿಡುತ್ತಾ ಹೋದಳು. ಬಿಸಿಲು ಹಿತವಾಗಿ ಏರಿತು. ಒರಗಿ ಕೂತ ಕಲ್ಲು ಬೆಚ್ಚಗಾಯಿತು. ರೆಪ್ಪೆ ಎಳೆಯಿತು. ಅವಳು ತುಟಿ ಕಚ್ಚಿದಳು, ಹದಿನೇಳರ ಮಗ್ಗಿ ಹೇಳಿಕೊಂಡಳು. ಒಂದೇ ಒಂದು ಸಲ ಕಣ್ಣು ಮುಚ್ಚಿ ತೆರೆದುಬಿಡುತ್ತೇನೆ ಎಂದುಕೊಂಡಳು. ಮುಚ್ಚಿದಳು.

ಎಚ್ಚರವಾದಾಗ ಯಾರೋ ಅವಳ ಬೆರಳು ಜಗ್ಗುತ್ತಿದ್ದರು. ಎದುರಿಗೆ ಮಾವ ಕುಕ್ಕರಗಾಲಲ್ಲಿ ಕೂತಿದ್ದ. ತಲೆಯೆತ್ತಿ ನೋಡಿದಳು. ನೀಲಿ ಗುರುತುಗಳು ಬಂಡೆಯ ಅರ್ಧದವರೆಗೆ ಹೋಗಿ ನಿಂತಿದ್ದವು.

"ಹಗ್ಗ ಬಿಡು, ಹಗ್ಗ ಬಿಡು ಅಂತ ಗಂಟಲು ಹರ್ಕೊಂಡೆ" ಎಂದ ಮಾವ. "ಬಗ್ಗಿ ನೋಡಿದ್ರೆ ಮಹಾರಾಣಿಯವರದ್ದು ಗೊರಕೆ. ಕೊಂಡಿಯಿಂದ ಹಗ್ಗ ಬಿಡಿಸ್ಕೊಳ್ತಾ, ಹಲ್ಲಿ ಥರ ಕಚ್ಕೊಂಡು ನಾನೇ ಇಳ್ದು ಬಂದೆ."

"ಬಿದ್ದಿದ್ರೆ?" ಅವಳಿಗೆ ಅಳು ಒತ್ತರಿಸಿ ಬಂತು. "ನಿದ್ದೆ ಆಯ್ತು ಅಂದಿದ್ದು ಸುಳ್ಳು ಮಾವ. ನೀನು ಹತ್ತೋದು ಬಿಟ್ಬಿಡ್ತೀಯ ಅಂತ ಹೆದ್ರಿ ಬಂದೆ. ನನ್ನ ನಂಬಬೇಡ. ಸಂಘದೋರು ಯಾರನ್ನಾದ್ರೂ ಕರ್ಕೊಂಡು ಹತ್ತು, ಆದ್ರೆ ಹತ್ತೋದು ಬಿಡ್ಬೇಡ."

"ಬೈಗುಳ ಬಾಕಿ ಇದೆ, ಮನೆಗೆ ಹೋದ್ಮೇಲೆ ನಿಮ್ಮತ್ತೆ ಎದುರಿಗೇ ಬೈತೀನಿ. ಈಗ ಮೊದ್ಲು ಕೈ ಬಿಡು."

"ಯಾವ ಕೈ?"

ಮಾವ ಕಣ್ಣಲ್ಲೇ ತೋರಿಸಿದ. ಅವಳ ಬಲಗೈ ಹಗ್ಗದ ಮೇಲೆ ಮುಷ್ಟಿ ಬಿಗಿದಿತ್ತು. ಗೆಣ್ಣುಗಳು ಬಿಳಚಿಕೊಂಡಿದ್ದವು. ಆ ಮುಷ್ಟಿಯ ಮೇಲೆಲ್ಲ ಮಾವ ಬಿಡಿಸಲು ಹೆಣಗಾಡಿದ ನೀಲಿ ಸುಣ್ಣ ಮೆತ್ತಿತ್ತು. ಈಗ ಅವಳೇ ಬಿಡಿಸಲು ನೋಡಿದಳು, ಬೆರಳು ಜಪ್ಪಯ್ಯ ಎಂದರೂ ಏಳಲಿಲ್ಲ.

"ಆಗ್ಲಿಂದ ನೋಡ್ತಿದೀನಿ, ಒಂದು ಬೆರಳೂ ಅಲ್ಲಾಡಿಸೋಕೆ ಆಗ್ಲಿಲ್ಲ" ಎಂದ ಮಾವ. ಅವನ ದನಿ ಒದ್ದೆಯಾಗಿತ್ತು. ತನ್ನ ಸೊಂಟದ ಗಂಟನ್ನು ಬಿಚ್ಚದೆಯೇ ಬಂದು ಅವಳ ಪಕ್ಕದಲ್ಲಿ ಕಲ್ಲಿಗೆ ಒರಗಿದ. "ಮಲಕ್ಕೋ ಇನ್ನಷ್ಟು ಹೊತ್ತು. ನಿನ್ನ ಕೈ ಊರು ಬಿಟ್ಟು ಹೋಗೇ ಇಲ್ಲ. ಕಣ್ಣೂ ಆ ದೇಶದಿಂದ ಊರಿಗೆ ಬರೋ ತನಕ ಕಾಯೋಣ."